ಮಲೆನಾಡಿನ ದೊಡ್ಡ ಲಾನ್‌ಗೆ ಗೊಬ್ಬರ ಸ್ಪ್ರೆಡರ್: ಆರಿಸುವುದು ಹೇಗೆ, ಬಳಸುವುದು ಹೇಗೆ

ಲಾನ್ ಐದಾರು ಗುಂಟೆ ಇದ್ದಾಗ ಯಾರೂ ಗೊಬ್ಬರ ಎರಚುವ ಯಂತ್ರದ (ಸ್ಪ್ರೆಡರ್) ಬಗ್ಗೆ ಯೋಚಿಸುವುದಿಲ್ಲ. ಗದ್ದೆಗೆ ಯೂರಿಯಾ ಎರಚಿ ಕೈ ಪಳಗಿದವರು ಒಬ್ಬರಿದ್ದರೆ ಸಾಕು. ಬಕೆಟ್ ಹಿಡಿದು ಅರ್ಧ ಗಂಟೆಯಲ್ಲಿ ಮುಗಿಸಿ ಬರುತ್ತಾರೆ. ಲಾನ್ ಅರ್ಧ ಎಕರೆ ದಾಟಿದ ಮೇಲೆ ತೊಂದರೆ ಶುರು. ಕೈ ಸೋಲುತ್ತದೆ, ಹಿಡಿ ಸಣ್ಣದಾಗುತ್ತದೆ, ಕೊನೆಯ ಭಾಗಕ್ಕೆ ಉಳಿದದ್ದೆಲ್ಲ ಸುರಿದು ಮುಗಿಸುತ್ತಾರೆ. ಗದ್ದೆಯಲ್ಲಾದರೆ ನೀರು ನಿಂತಿರುತ್ತದೆ, ಒಂದು ಕಡೆ ಜಾಸ್ತಿ ಬಿದ್ದದ್ದು ಕರಗಿ ಅಕ್ಕಪಕ್ಕಕ್ಕೂ ಹೋಗುತ್ತದೆ. ಲಾನ್‌ನಲ್ಲಿ ಹಾಗಲ್ಲ, ಬಿದ್ದಲ್ಲೇ ಬಿದ್ದದ್ದು. ಎರಡು ವಾರದಲ್ಲಿ ಒಂದು ಪಟ್ಟೆ ಕಡು ಹಸಿರು, ಪಕ್ಕದ್ದು ಹಳದಿ, ನಡುನಡುವೆ ಸುಟ್ಟ ಮಚ್ಚೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹೋಂಸ್ಟೇಗಳು, ಶಿವಮೊಗ್ಗದ ಸುತ್ತಲಿನ ಮದುವೆ ಲಾನ್‌ಗಳು, ಶಾಲೆಯ ಮೈದಾನಗಳು, ಇಂಥ ಜಾಗ ನೋಡಿಕೊಳ್ಳುವವರಿಗೆ ಈ ಬರಹ. ಇಂಟರ್ನೆಟ್ಟಿನಲ್ಲಿ ಸ್ಪ್ರೆಡರ್ ಬಗ್ಗೆ ಸಿಗುವ ಸಲಹೆ ಹೆಚ್ಚಿನದು ಅಮೆರಿಕದ್ದು. ಅಲ್ಲಿ ಗೊಬ್ಬರದ ಚೀಲದ ಮೇಲೇ 'ಇಂಥ ಯಂತ್ರವಾದರೆ ಇಷ್ಟನೇ ನಂಬರಿಗೆ ಇಡಿ' ಅಂತ ಅಚ್ಚಾಗಿರುತ್ತದೆ. ನಮ್ಮ ಯೂರಿಯಾ ಚೀಲದ ಮೇಲೆ ಅಂಥದ್ದೇನೂ ಇರುವುದಿಲ್ಲ. ಅಲ್ಲಿನವರು ಮೊದಲು ಕೇಳುವುದು 'ಲಾನ್ ಎಷ್ಟು ದೊಡ್ಡದು?' ಅಂತ. ನಮ್ಮಲ್ಲಿ ಮೊದಲು ಕೇಳಬೇಕಾದ್ದು ಬೇರೆ: ಈ ಯಂತ್ರವನ್ನು ಐದು ನಿಮಿಷದಲ್ಲಿ ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಲು ಆಗುತ್ತದಾ? ನಮ್ಮ ಇಳಿಜಾರಿನಲ್ಲಿ ಒಬ್ಬರೇ ತಳ್ಳಲು ಆಗುತ್ತದಾ? ಎರಡಕ್ಕೂ ಹೌದು ಅನ್ನುವ ಉತ್ತರ ಬಂದರೆ ಮಾತ್ರ ಗಾತ್ರದ ಮಾತು.

ಹಂತ 1: ಲಾನ್ ಅಳೆಯಿರಿ, ಅಳೆಯುತ್ತಲೇ ಅಡ್ಡಿಗಳನ್ನು ಗುರುತಿಸಿ

ಪಹಣಿಯಲ್ಲಿ ಎರಡು ಎಕರೆ ಅಂತಿದ್ದರೆ ಲಾನ್ ಎರಡು ಎಕರೆ ಇರುವುದಿಲ್ಲ. ಕಟ್ಟಡ, ದಾರಿ, ಪಾರ್ಕಿಂಗ್, ಹೂವಿನ ಪಾತಿ, ಮರದ ಬುಡ ಎಲ್ಲ ಕಳೆಯಬೇಕು. ನೂರಡಿ ಟೇಪ್ ತಗೊಳ್ಳಿ. ಅಂಕುಡೊಂಕಾಗಿರುವ ಲಾನನ್ನು ಆಯತ, ತ್ರಿಕೋನಗಳಾಗಿ ಒಡೆದು ಅಳೆಯಿರಿ. 1 ಗುಂಟೆ ಅಂದರೆ 1,089 ಚದರಡಿ. 40 ಗುಂಟೆಗೆ 1 ಎಕರೆ, ಅಂದರೆ 43,560 ಚದರಡಿ. ಮೊಬೈಲ್ ಮ್ಯಾಪಿನಲ್ಲೂ ಅಳೆಯಬಹುದು. ಆದರೆ ಮರಗಳ ನೆರಳು ಮುಚ್ಚಿದ ಕಡೆ ಲಾನಿನ ಅಂಚು ಎಲ್ಲಿದೆ ಅಂತ ಅದರಲ್ಲಿ ಕಾಣುವುದಿಲ್ಲ. ಅಳತೆ ಹತ್ತರಲ್ಲಿ ಒಂದು ಪಾಲು ತಪ್ಪಿದರೆ ಚಿಂತೆಯಿಲ್ಲ. ಅರ್ಧಕ್ಕರ್ಧ ತಪ್ಪಿದರೆ ಹುಲ್ಲು ಸುಡುತ್ತದೆ.

ಟೇಪ್ ಹಿಡಿದು ಓಡಾಡುವಾಗಲೇ ಒಂದು ಕಾಗದದಲ್ಲಿ ಇಷ್ಟು ಬರೆದುಕೊಳ್ಳಿ. ಅತ್ಯಂತ ಕಿರಿದಾದ ದಾರಿ ಅಥವಾ ಗೇಟು ಎಷ್ಟಗಲ? ದರೆ ಕಡಿದು ಎರಡು ಮೂರು ಮಟ್ಟ ಮಾಡಿದ ಲಾನ್ ಆದರೆ ನಡುವೆ ಎಷ್ಟು ಮೆಟ್ಟಿಲು? ಬಾವಿ, ಕೆರೆ, ತೋಟದ ಕಾಲುವೆ ಎಷ್ಟು ಹತ್ತಿರ? ಮರಗಳು ಎಲ್ಲೆಲ್ಲಿ?

ಮೆಟ್ಟಿಲಿನ ವಿಷಯವನ್ನು ಹಗುರವಾಗಿ ತಗೊಳ್ಳಬೇಡಿ. ಮಲೆನಾಡಿನಲ್ಲಿ ಒಂದೇ ಹಾಸಿನ ಒಂದು ಎಕರೆ ಲಾನ್ ಸಿಗುವುದು ಅಪರೂಪ. ಇರುವುದು ಮೇಲೊಂದು ಹತ್ತು ಗುಂಟೆ, ಕೆಳಗೊಂದು ಹದಿನೈದು ಗುಂಟೆ, ನಡುವೆ ಜಂಬಿಟ್ಟಿಗೆಯ ಏಳೆಂಟು ಮೆಟ್ಟಿಲು. ನಲವತ್ತು ಕೆ.ಜಿ. ತುಂಬಿದ ಚಕ್ರದ ಯಂತ್ರವನ್ನು ಅಲ್ಲಿ ಎತ್ತಿಕೊಂಡು ಹತ್ತಲು ಇಬ್ಬರು ಬೇಕು.

ಹಂತ 2: ಏನು ಎರಚುತ್ತೀರಿ ಅಂತ ಮೊದಲು ನಿರ್ಧರಿಸಿ

ಯಂತ್ರ ಕೊಂಡು ಆಮೇಲೆ ಗೊಬ್ಬರ ಯೋಚಿಸುವವರೇ ಜಾಸ್ತಿ. ತಲೆಕೆಳಗಾದ ಕ್ರಮ ಅದು. ಹರಳಿನ ಗೊಬ್ಬರ, ಪುಡಿ, ತೇವದ ಗೊಬ್ಬರ, ನೀರಲ್ಲಿ ಕರಗುವ ಗೊಬ್ಬರ, ಈ ನಾಲ್ಕಕ್ಕೂ ಒಂದೇ ಯಂತ್ರ ಆಗುವುದಿಲ್ಲ.

ಯೂರಿಯಾ, ಡಿಎಪಿ, 17:17:17ರಂಥ ಕಾಂಪ್ಲೆಕ್ಸ್ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇ 17 ಇರುವುದು), ಇವು ಹರಳಿನವು. ಸ್ಪ್ರೆಡರ್ ಅನ್ನುವುದು ಮುಖ್ಯವಾಗಿ ಇವಕ್ಕೇ ಮಾಡಿದ್ದು. ಯೂರಿಯಾದ ಕಾಳು ಸಣ್ಣದು, ಹೆಚ್ಚಿನವು 1ರಿಂದ 2.8 ಮಿ.ಮೀ. ಒಳಗೆ. ಡಿಎಪಿ ಕಾಳು ದಪ್ಪ ಮತ್ತು ಭಾರ. ಒಂದೇ ಯಂತ್ರ, ಒಂದೇ ವೇಗದಲ್ಲಿ ಡಿಎಪಿ ದೂರ ಹಾರುತ್ತದೆ, ಯೂರಿಯಾ ಹತ್ತಿರವೇ ಬೀಳುತ್ತದೆ. ಎರಡನ್ನೂ ಬೆರೆಸಿ ಒಟ್ಟಿಗೆ ಎರಚಿದರೆ ನಡುವೆ ಸಾರಜನಕ, ಅಂಚಿನಲ್ಲಿ ರಂಜಕ! ಬೆರೆಸದಿರಲು ಇನ್ನೂ ದೊಡ್ಡ ಕಾರಣವಿದೆ. 30 ಡಿಗ್ರಿ ಬಿಸಿಯಲ್ಲಿ ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಯೂರಿಯಾ ಗಾಳಿಯಿಂದಲೇ ನೀರು ಎಳೆದುಕೊಳ್ಳಲು ಶುರು ಮಾಡುತ್ತದೆ. ಪೊಟ್ಯಾಷ್ ಸ್ವಲ್ಪ ಗಟ್ಟಿ, ಅದು ಶೇ 84ರ ತನಕ ತಡೆಯುತ್ತದೆ. ಆದರೆ ಇವೆರಡನ್ನೂ ಬೆರೆಸಿದರೆ ಶೇ 60ರ ಆಸುಪಾಸಿನಲ್ಲೇ ನೀರೊಡೆಯುತ್ತದೆ. ನಮ್ಮ ಮಳೆಗಾಲದಲ್ಲಿ ತೇವಾಂಶ ಶೇ 90ಕ್ಕಿಂತ ಕೆಳಗಿಳಿಯುವ ಹೊತ್ತೇ ಕಮ್ಮಿ ಅಲ್ವಾ? ಬೆರೆಸಿ ಹಾಪರಿಗೆ (ಯಂತ್ರದಲ್ಲಿ ಗೊಬ್ಬರ ತುಂಬುವ ಪೆಟ್ಟಿಗೆಗೆ) ಸುರಿದ ಗೊಬ್ಬರ ಲಾನಿನ ಇನ್ನೊಂದು ತುದಿ ಮುಟ್ಟುವುದರೊಳಗೆ ಕೆಸರಾಗಿ ಬಾಯಿ ಕಟ್ಟಿಕೊಳ್ಳುತ್ತದೆ. ಎರಡು ಗೊಬ್ಬರ ಬೇಕಿದ್ದರೆ ಎರಡು ಸಲ ನಡೆಯಿರಿ.

ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ. ಜಡಿಮಳೆ ಸುಣ್ಣದ ಅಂಶವನ್ನು ವರ್ಷವರ್ಷವೂ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ಗೊಬ್ಬರದಷ್ಟೇ ಸುಣ್ಣವೂ ಬೇಕಾಗಬಹುದು. ಎಷ್ಟು ಅನ್ನುವುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ರೈತ ಸಂಪರ್ಕ ಕೇಂದ್ರದಲ್ಲೋ ಶಿವಮೊಗ್ಗದ ನವಿಲೆಯ ಕೃಷಿ ಕಾಲೇಜಿನಲ್ಲೋ ವಿಚಾರಿಸಿ. ಕೃಷಿ ಸುಣ್ಣ, ಡಾಲೊಮೈಟ್ ಎರಡೂ ನುಣ್ಣನೆ ಪುಡಿ. ತಿರುಗುವ ತಟ್ಟೆಯ ಯಂತ್ರದಲ್ಲಿ ಹಾಕಿದರೆ ಅರ್ಧ ಗಾಳಿಗೆ ಹೋಗುತ್ತದೆ, ಉಳಿದದ್ದು ನಿಮ್ಮ ಕಣ್ಣಿಗೆ. ಸುಣ್ಣ ಮತ್ತು ಯೂರಿಯಾ ಒಟ್ಟೊಟ್ಟಿಗೆ ಬೇಡವೇ ಬೇಡ. ಸಾರಜನಕ ಅಮೋನಿಯಾ ಆಗಿ ಹಾರಿ ಹೋಗುತ್ತದೆ. ನಡುವೆ ಎರಡು ಮೂರು ವಾರ ಬಿಡಿ.

ಎರೆಗೊಬ್ಬರ, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಹಾಕುವವರಿಗೆ ಮಾಮೂಲಿ ಸ್ಪ್ರೆಡರ್ ಕೆಲಸಕ್ಕೇ ಬರುವುದಿಲ್ಲ. ಅವಕ್ಕೆ ಜಾಲರಿಯ ಡ್ರಮ್ ಬೇಕು. ತಂತಿ ಜಾಲರಿಯನ್ನು ಸಿಲಿಂಡರಿನಂತೆ ಸುತ್ತಿ ಹಿಡಿಕೆ ಕೂರಿಸಿದ್ದು. ಒಳಗೆ ಗೊಬ್ಬರ ತುಂಬಿ ಉರುಳಿಸಿಕೊಂಡು ಹೋದರೆ ಉದುರುತ್ತಾ ಹೋಗುತ್ತದೆ. ಇದನ್ನು ಹೊರಗಿಂದ ತರಿಸುವ ಅಗತ್ಯವಿಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆಯ ಯಾವ ವೆಲ್ಡಿಂಗ್ ಶಾಪಿನವರಾದರೂ ಚಿತ್ರ ತೋರಿಸಿದರೆ ಮಾಡಿಕೊಡುತ್ತಾರೆ. ಬರೀ ಸಾವಯವ ಗೊಬ್ಬರ ಹಾಕುವವರಾದರೆ ಇಲ್ಲಿಗೇ ನಿಲ್ಲಿಸಿ, ಇದೊಂದೇ ಸಾಕು.

19:19:19ರಂಥ ನೀರಲ್ಲಿ ಕರಗುವ ಗೊಬ್ಬರಕ್ಕೆ ಬೆನ್ನಿಗೆ ಹಾಕುವ 16 ಲೀಟರ್ ಸ್ಪ್ರೇಯರ್ ಆಗುತ್ತದೆ. ಲೀಟರಿಗೆ 5 ಗ್ರಾಂ ಬೆರೆಸುವುದು ವಾಡಿಕೆ. ಅರ್ಧ ಎಕರೆಗೆ ಟ್ಯಾಂಕ್ ಮೇಲೆ ಟ್ಯಾಂಕ್ ಹೊರಬೇಕಾಗುತ್ತದೆ ಅನ್ನುವುದು ಗೊತ್ತಿರಲಿ. ಅಡಿಕೆ ತೋಟದ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಪಂಪನ್ನೇ ಬಳಸುವುದಾದರೆ ಮೈಲುತುತ್ತ, ಸುಣ್ಣದ ಅಂಟು ಹೋಗುವ ಹಾಗೆ ತೊಳೆದು ಬಳಸಿ. ಕಳೆನಾಶಕ ಹೊಡೆದ ಪಂಪು ಮಾತ್ರ ಎಷ್ಟು ತೊಳೆದರೂ ಲಾನ್ ಹತ್ತಿರ ತರಬೇಡಿ.

ಹಂತ 3: ಯಂತ್ರದ ಜಾತಿ ಆರಿಸಿ

ಹರಳಿನ ಗೊಬ್ಬರಕ್ಕೆ ಮುಖ್ಯವಾಗಿ ಎರಡು ಬಗೆ. ಒಂದು, ನೇರ ಕೆಳಗೆ ಉದುರಿಸುವುದು. ಇದಕ್ಕೆ ಡ್ರಾಪ್ ಸ್ಪ್ರೆಡರ್ ಅನ್ನುತ್ತಾರೆ. ಎರಡು ಚಕ್ರದ ನಡುವೆ ಉದ್ದನೆ ಪೆಟ್ಟಿಗೆ, ತಳದಲ್ಲಿ ಸಾಲಾಗಿ ತೂತು. ಚಕ್ರದಿಂದ ಚಕ್ರಕ್ಕೆ ಎಷ್ಟಗಲವೋ ಅಷ್ಟೇ ಬೀಳುತ್ತದೆ, ಆಚೀಚೆ ಒಂದು ಕಾಳು ಹೋಗುವುದಿಲ್ಲ. ಇನ್ನೊಂದು, ತಟ್ಟೆ ತಿರುಗಿಸಿ ಎರಚುವುದು. ಹಾಪರಿನ ಬಾಯಿಂದ ಗೊಬ್ಬರ ತಟ್ಟೆಯ ಮೇಲೆ ಬೀಳುತ್ತದೆ, ತಟ್ಟೆ ಅದನ್ನು ಎಂಟು ಹತ್ತು ಅಡಿ ಅಗಲಕ್ಕೆ ಹಾರಿಸುತ್ತದೆ. ಇದು ರೋಟರಿ ಅಥವಾ ಬ್ರಾಡ್‌ಕಾಸ್ಟ್ ಸ್ಪ್ರೆಡರ್.

ಡ್ರಾಪ್ ಯಂತ್ರ ನಿಖರ, ಆದರೆ ನಿಧಾನ. ಎರಡಡಿ ಅಗಲದ ಪಟ್ಟೆಯಲ್ಲಿ ಒಂದು ಎಕರೆ ನಡೆದರೆ ಆರೂವರೆ ಕಿಲೋಮೀಟರ್ ಮೇಲಾಗುತ್ತದೆ. ಹತ್ತಡಿ ಹಾರಿಸುವ ರೋಟರಿಯಲ್ಲಿ ಅದೇ ಕೆಲಸಕ್ಕೆ ಸುಮಾರು 1.3 ಕಿಲೋಮೀಟರ್ ಸಾಕು. ಮೇಲಾಗಿ ಡ್ರಾಪ್ ಯಂತ್ರದಲ್ಲಿ ಎರಡು ಪಟ್ಟೆಯ ನಡುವೆ ನಾಲ್ಕು ಬೆರಳು ಬಿಟ್ಟರೂ ಅಲ್ಲೊಂದು ಹಳದಿ ಗೆರೆ ಎದ್ದು ಕಾಣುತ್ತದೆ. ರೋಟರಿಯಲ್ಲಿ ಅಂಚು ತೆಳುವಾಗಿ ಬೀಳುವುದರಿಂದ ಒಂದರ ಮೇಲೊಂದು ಬಿದ್ದು ಸರಿಹೋಗುತ್ತದೆ. ದೊಡ್ಡ ಲಾನಿಗೆ ರೋಟರಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಡ್ರಾಪ್ ಯಂತ್ರವನ್ನು ಎರಡು ಕಡೆಗೆ ಮಾತ್ರ ಒಪ್ಪುತ್ತೇನೆ. ಲಾನಿನ ಅಂಚಿಗೇ ಬಾವಿ, ಕೆರೆ ಅಥವಾ ಮೀನಿನ ಕೊಳ ಇದ್ದರೆ, ಮತ್ತೆ ಸುಣ್ಣದ ಪುಡಿ ಹಾಕುವುದು ಮುಖ್ಯ ಕೆಲಸವಾದರೆ.

ರೋಟರಿಯಲ್ಲೇ ಮತ್ತೆ ಕೆಲವು ಗಾತ್ರಗಳಿವೆ. ಕೈಯಲ್ಲಿ ಹಿಡಿದು ಹ್ಯಾಂಡಲ್ ತಿರುಗಿಸುವ, ಒಂದೆರಡು ಕೆ.ಜಿ. ಹಿಡಿಯುವ ಸಣ್ಣದು ದೊಡ್ಡ ಲಾನಿಗೆ ಆಟಿಕೆ. ಸಣ್ಣ ಹಾಸು, ಸುಟ್ಟ ಮಚ್ಚೆಗೆ ಬೀಜ ಹಾಕುವುದು, ಅಷ್ಟಕ್ಕೆ ಸಾಕು.

ಹೆಗಲಿಗೆ ಹಾಕಿಕೊಳ್ಳುವ ಚೀಲದ ಬಗೆ ನಮ್ಮ ಕಡೆಗೆ ಬಹಳ ಹೊಂದುತ್ತದೆ, ಜನ ಇದನ್ನು ಯಾಕೋ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹತ್ತು ಕೆ.ಜಿ. ಆಸುಪಾಸು ಹಿಡಿಯುವ ಬಟ್ಟೆಯ ಚೀಲ, ಕೆಳಗೆ ತಟ್ಟೆ, ಪಕ್ಕದಲ್ಲಿ ತಿರುಗಿಸುವ ಹ್ಯಾಂಡಲ್. ಮೆಟ್ಟಿಲು ಹತ್ತಬಹುದು, ದರೆಯ ಇಳಿಜಾರಿನಲ್ಲಿ ಹೋಗಬಹುದು, ಮರಗಳ ನಡುವೆ ನುಸುಳಬಹುದು. ಒದ್ದೆ ನೆಲದಲ್ಲಿ ಚಕ್ರದ ಗುರುತು ಬೀಳುವ ಪ್ರಶ್ನೆಯೇ ಇಲ್ಲ. ತೊಳೆಯುವುದಕ್ಕೆ ಎರಡು ನಿಮಿಷ, ಮಳೆಗಾಲದಲ್ಲಿ ಒಲೆಯ ಹತ್ತಿರ ನೇತು ಹಾಕಿ ಒಣಗಿಸಬಹುದು. ಕೊರತೆ ಅಂದರೆ, ಇದರ ಹದವೆಲ್ಲ ನಡೆಯುವವರ ಕೈಯಲ್ಲಿದೆ. ಹೆಜ್ಜೆಗೂ ಕೈ ತಿರುಗಿಸುವುದಕ್ಕೂ ತಾಳ ತಪ್ಪಿದರೆ ಗೊಬ್ಬರ ಒಂದೇ ಸಮ ಬೀಳುವುದಿಲ್ಲ. ಹಾಗಾಗಿ ಪ್ರತಿ ಸಲವೂ ಒಬ್ಬರೇ ಈ ಕೆಲಸ ಮಾಡುವುದು ಒಳ್ಳೆಯದು.

ತಳ್ಳಿಕೊಂಡು ಹೋಗುವ ಎರಡು ಚಕ್ರದ ರೋಟರಿ ಇಪ್ಪತ್ತರಿಂದ ಐವತ್ತು ಕೆ.ಜಿ. ತನಕ ಹಿಡಿಯುವ ಗಾತ್ರಗಳಲ್ಲಿ ಬರುತ್ತದೆ. ಇಲ್ಲಿ ತಟ್ಟೆ ತಿರುಗುವುದು ಚಕ್ರದಿಂದ, ಹಾಗಾಗಿ ನಡಿಗೆ ಸ್ವಲ್ಪ ಹೆಚ್ಚು ಕಮ್ಮಿಯಾದರೂ ಒಂದು ಮಟ್ಟಿಗೆ ಸುಧಾರಿಸಿಕೊಳ್ಳುತ್ತದೆ. ಸಮತಟ್ಟಾದ ಅಥವಾ ಸ್ವಲ್ಪ ಇಳಿಜಾರಿನ, ಹದಿನೈದು ಗುಂಟೆಯಿಂದ ಎರಡು ಎಕರೆ ತನಕದ ಲಾನಿಗೆ ಇದು ಸರಿ.

ಹಿಂದೆ ಕಟ್ಟಿ ಎಳೆಯುವ ಯಂತ್ರಕ್ಕೆ ಕೂತು ಓಡಿಸುವ ಮೋವರ್ (ಹುಲ್ಲು ಕತ್ತರಿಸುವ ಯಂತ್ರ) ಬೇಕು. ಕೆಲವು ರೆಸಾರ್ಟಿನವರು ಜೀಪಿಗೆ ಕಟ್ಟಲು ನೋಡುತ್ತಾರೆ. ಬೇಡ. ಜೀಪಿನ ಚಕ್ರ ಒದ್ದೆ ನೆಲವನ್ನು ಒತ್ತಿ ಗಟ್ಟಿ ಮಾಡುತ್ತದೆ, ಆ ಜಾಗದಲ್ಲಿ ಬೇರಿಗೆ ಗಾಳಿ ಹೋಗುವುದಿಲ್ಲ, ಮಳೆನೀರು ನಿಲ್ಲುತ್ತದೆ. ಟ್ರ್ಯಾಕ್ಟರಿನ ಪಿಟಿಒಗೆ (ಎಂಜಿನ್ನಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ತಿರುಗುವ ದಂಡಕ್ಕೆ) ಜೋಡಿಸುವ ದೊಡ್ಡ ಎರಚುವ ಯಂತ್ರ ಹೊಲಗದ್ದೆಗೆ ಇರುವುದು, ಲಾನಿಗಲ್ಲ.

ಒಟ್ಟಿನಲ್ಲಿ ಹೀಗೆ: ಮೆಟ್ಟಿಲು ಮೆಟ್ಟಿಲಾಗಿರುವ ಲಾನಿಗೆ, ಒಟ್ಟು ವಿಸ್ತೀರ್ಣ ಒಂದು ಎಕರೆ ಇದ್ದರೂ, ಹೆಗಲ ಚೀಲ. ಶಿವಮೊಗ್ಗ, ಭದ್ರಾವತಿ ಕಡೆಯ ಬಯಲಿನ ಲಾನಿಗೆ, ಶಾಲೆಯ ಮೈದಾನಕ್ಕೆ ತಳ್ಳುವ ರೋಟರಿ. ಎರಡೂ ಬಗೆಯ ಜಾಗ ಇದ್ದರೆ ಎರಡನ್ನೂ ಇಟ್ಟುಕೊಳ್ಳುವುದು ದುಂದಲ್ಲ, ಚೀಲದ್ದು ಅಗ್ಗವೇ.

ಹಂತ 4: ಹಾಪರಿನ ಗಾತ್ರ

ದೊಡ್ಡ ಲಾನಿಗೆ ದೊಡ್ಡ ಹಾಪರ್ ಅನ್ನುವುದು ಸಹಜ ಯೋಚನೆ. ಲೆಕ್ಕ ಹಾಕಿ ನೋಡಿದರೆ ಅಷ್ಟು ಬೇಕಿಲ್ಲ. ಲಾನಿಗೆ ಒಂದು ಸಲಕ್ಕೆ 1,000 ಚದರಡಿಗೆ ಹೆಚ್ಚೆಂದರೆ 450 ಗ್ರಾಂ ಸಾರಜನಕ ಅನ್ನುವುದು ಎಲ್ಲ ಕಡೆ ನಡೆದುಬಂದ ಮಿತಿ. ಯೂರಿಯಾದಲ್ಲಿ ಶೇ 46 ಸಾರಜನಕ ಇದೆ, ಅಂದರೆ ಸುಮಾರು 1 ಕೆ.ಜಿ. ಯೂರಿಯಾ. ಯೂರಿಯಾ ಬೇಗ ಕರಗಿ ಬೇಗ ಸುಡುವಂಥದ್ದು, ನಮ್ಮ ಮಳೆಯಲ್ಲಿ ಬೇಗ ಕೊಚ್ಚಿ ಹೋಗುವಂಥದ್ದು. ಹಾಗಾಗಿ ಅರ್ಧ ಕೆ.ಜಿ. ಹಾಕಿ, ಬೇಕಿದ್ದರೆ ಇನ್ನೊಂದು ಸಲ ಹಾಕಿ. 20 ಗುಂಟೆ ಅಂದರೆ 21,780 ಚದರಡಿ. ಬೇಕಾದ್ದು ಸುಮಾರು 11 ಕೆ.ಜಿ. ಅಷ್ಟೇ! ಅದಕ್ಕೆ ಐವತ್ತು ಕೆ.ಜಿ. ಹಾಪರ್ ಯಾಕೆ? 17:17:17 ಹಾಕಿದರೆ ಅದೇ ಸಾರಜನಕಕ್ಕೆ 1,000 ಚದರಡಿಗೆ 1.35 ಕೆ.ಜಿ. ಬೇಕು, ಅರ್ಧ ಎಕರೆಗೆ 30 ಕೆ.ಜಿ. ಹತ್ತಿರ. ಆಗಲೂ ಎರಡು ಮೂರು ಸಲ ತುಂಬಿಸಿದರೆ ಆಯಿತು.

ಸಣ್ಣ ಹಾಪರಿಗೆ ಸ್ವಲ್ಪ ಸ್ವಲ್ಪ ಸುರಿದು, ಉಳಿದ ಚೀಲದ ಬಾಯಿ ಬಿಗಿಯಾಗಿ ಕಟ್ಟಿಡುವುದು ಮಲೆನಾಡಿಗೆ ಸರಿಯಾದ ಕ್ರಮ. ಹಠಾತ್ತಾಗಿ ಮಳೆ ಬಂದರೆ ಹಾಳಾಗುವುದು ಹಾಪರಿನಲ್ಲಿ ಇದ್ದಷ್ಟೇ. ಇಪ್ಪತ್ತು ಕೆ.ಜಿ.ಯ ಹಾಪರ್ ಒಂದು ಎಕರೆ ತನಕ ಧಾರಾಳ.

ಅಂದ ಹಾಗೆ, ಸಬ್ಸಿಡಿಯ ಯೂರಿಯಾ ಇರುವುದು ಬೆಳೆಗೆ. ಗದ್ದೆಯವರು ಸೊಸೈಟಿ ಮುಂದೆ ಸಾಲು ನಿಂತಿರುವ ಹೊತ್ತಿನಲ್ಲಿ ಲಾನಿಗೆ ಅಂತ ಚೀಲ ಹೊತ್ತು ತರುವುದು ಚೆನ್ನಾಗಿರುವುದಿಲ್ಲ. ನರ್ಸರಿಯವರ ಹತ್ತಿರ ಸಿಗುವ ನಿಧಾನವಾಗಿ ಕರಗುವ ಲಾನ್ ಗೊಬ್ಬರ ದುಬಾರಿ, ಆದರೆ ನಮ್ಮ ಮಳೆಗೆ ಅದೇ ಮೇಲು.

ಹಂತ 5: ಅಂಗಡಿಯಲ್ಲಿ ಏನೇನು ಮುಟ್ಟಿ ನೋಡಬೇಕು

ಹಾಪರ್ ದಪ್ಪ ಪ್ಲಾಸ್ಟಿಕ್ ಇರಲಿ. ಬಣ್ಣ ಬಳಿದ ತಗಡಿನ ಹಾಪರನ್ನು ಗೊಬ್ಬರದ ಉಪ್ಪು ಮತ್ತು ನಮ್ಮ ತೇವ ಸೇರಿ ಎರಡು ಮಳೆಗಾಲದಲ್ಲಿ ತಿಂದು ಹಾಕುತ್ತವೆ. ಚೌಕಟ್ಟು, ಆಕ್ಸಲ್, ನಟ್ಟು ಬೋಲ್ಟು ಸ್ಟೇನ್‌ಲೆಸ್ ಸ್ಟೀಲ್ ಆಗಿದ್ದರೆ ಅದಕ್ಕೆ ಕೊಟ್ಟ ಹೆಚ್ಚಿನ ದುಡ್ಡು ನಷ್ಟವಲ್ಲ. ಚೌಕಟ್ಟಿಗಿಂತ ಮೊದಲು ತುಕ್ಕು ಹಿಡಿದು ಕೂರುವುದು ಬೋಲ್ಟುಗಳು.

ಆಮೇಲೆ ಗೇರ್. ಚಕ್ರದ ತಿರುಗುವಿಕೆಯನ್ನು ತಟ್ಟೆಗೆ ಕೊಡುವ ಎರಡು ಹಲ್ಲಿನ ಚಕ್ರಗಳು ಆಕ್ಸಲಿನ ನಡುವೆ ಇರುತ್ತವೆ. ಅಗ್ಗದ ಯಂತ್ರಗಳು ಕೆಡುವುದು ಇಲ್ಲೇ. ಗೇರ್ ಮುಚ್ಚಿದ ಪೆಟ್ಟಿಗೆಯ ಒಳಗಿದೆಯಾ, ಬರೀ ಬಯಲಲ್ಲಿದೆಯಾ ನೋಡಿ. ಬಯಲಲ್ಲಿದ್ದರೆ ಗೊಬ್ಬರದ ಧೂಳು, ಕೆಸರು, ಹುಲ್ಲಿನ ಚೂರು ಸೇರಿ ಹಲ್ಲು ಸವೆಯುತ್ತದೆ. ಬಿಡಿ ಗೇರ್ ಸಿಗುತ್ತದಾ ಅಂತ ಕೊಳ್ಳುವ ಮೊದಲೇ ಕೇಳಿ. ಆಕ್ಸಲ್ ಮುರಿದರೆ ಊರಿನ ಲೇತಿನವರು ಮಾಡಿಕೊಡುತ್ತಾರೆ, ಹ್ಯಾಂಡಲ್ ಮುರಿದರೆ ವೆಲ್ಡಿಂಗ್ ಇದೆ. ಪ್ಲಾಸ್ಟಿಕ್ ಗೇರಿನ ಹಲ್ಲು ಹೋದರೆ ಯಾರೂ ಏನೂ ಮಾಡಲಾರರು. ಆನ್‌ಲೈನಿನಲ್ಲಿ ತರಿಸುವವರಿಗೆ ಈ ಮಾತು ಇನ್ನೂ ಮುಖ್ಯ.

ಚಕ್ರ ಗಾಳಿ ತುಂಬುವ ಟೈರ್ ಆಗಿರಲಿ, ಅಗಲವಾಗಿರಲಿ. ಗಟ್ಟಿ ಪ್ಲಾಸ್ಟಿಕ್ ಚಕ್ರ ಒದ್ದೆ ಹುಲ್ಲಿನ ಮೇಲೆ ಜಾರುತ್ತದೆ. ಚಕ್ರ ಜಾರಿದರೆ ತಟ್ಟೆ ನಿಲ್ಲುತ್ತದೆ, ತಟ್ಟೆ ನಿಂತರೆ ಗೊಬ್ಬರ ಒಂದೇ ಕಡೆ ಗುಡ್ಡೆ ಬೀಳುತ್ತದೆ.

ಇನ್ನು ನಾಲ್ಕು ಸಣ್ಣ ವಸ್ತುಗಳು. ಹಾಪರಿನ ಬಾಯಿಗೆ ಜಾಲರಿ ಇರಬೇಕು, ಉಂಡೆ ಕಟ್ಟಿದ್ದು ಅಲ್ಲೇ ನಿಲ್ಲುತ್ತದೆ. ಮಳೆ ಹನಿ ತಡೆಯುವ ಮುಚ್ಚಳ ನಮ್ಮ ಕಡೆ ಇರಲೇಬೇಕು. ಹಾಪರಿನ ತಳದಲ್ಲಿ ಗೊಬ್ಬರ ಕಲಕುವ ಕಡ್ಡಿ ಇದ್ದರೆ ಬಾಯಿ ಕಟ್ಟುವುದು ಕಮ್ಮಿಯಾಗುತ್ತದೆ. ಒಂದು ಪಕ್ಕಕ್ಕೆ ಹಾರದಂತೆ ತಡೆಯುವ ತಗಡು ಇದ್ದರೆ ಹೂವಿನ ಪಾತಿ, ಬಾವಿಯ ಕಡೆ ಅದನ್ನು ಇಳಿಸಿಕೊಂಡು ಹೋಗಬಹುದು. ಈ ತಡೆ ತಗಡು ಇಲ್ಲದ ಯಂತ್ರವನ್ನು ನಾನಂತೂ ಕೊಳ್ಳುವುದಿಲ್ಲ.

ಕೊನೆಗೆ, ಖಾಲಿ ಯಂತ್ರವನ್ನು ತಲೆಕೆಳಗು ಮಾಡಿ ನೋಡಿ. ಸುಲಭವಾಗಿ ಮಗುಚಬಹುದಾ? ಮೂಲೆಯಲ್ಲಿ ಗೊಬ್ಬರ ಸಿಕ್ಕಿಕೊಳ್ಳುವ ಸಂದಿ ಇದೆಯಾ? ತಟ್ಟೆ ಬಿಚ್ಚಲು ಎಷ್ಟು ಬೋಲ್ಟು? ಮೊದಲೇ ಹೇಳಿದ ಹಾಗೆ, ತೊಳೆಯಲು ಆಗದ ಯಂತ್ರ ನಮಗೆ ಬೇಡ.

ಹಂತ 6: ಹದ ಹಿಡಿಯುವುದು

ಈ ಹಂತವನ್ನೇ ಎಲ್ಲರೂ ಹಾರಿಸುವುದು. ಹಾರಿಸಿದರೆ ದುಬಾರಿ ಯಂತ್ರವೂ ಕೈಯಲ್ಲಿ ಎರಚಿದ್ದಕ್ಕಿಂತ ಮೇಲಾಗುವುದಿಲ್ಲ. ಯಂತ್ರದ ಮೇಲಿನ ನಂಬರಿಗೆ ಅರ್ಥವಿಲ್ಲ. ನಿಮ್ಮ ಗೊಬ್ಬರ, ನಿಮ್ಮ ನಡಿಗೆ, ನಿಮ್ಮ ನೆಲಕ್ಕೆ ಎಷ್ಟು ಬೀಳುತ್ತದೆ ಅನ್ನುವುದನ್ನು ನೀವೇ ಕಂಡುಕೊಳ್ಳಬೇಕು. ಬೇಕಾದ್ದು ಟೇಪು, ಅಡುಗೆಮನೆಯ ಡಿಜಿಟಲ್ ತೂಕ, ಒಂದಷ್ಟು ಅಡಿಕೆ ಹಾಳೆ ತಟ್ಟೆ.

ಮೊದಲು ಅಗಲ. ಒಣಗಿದ, ಗಾಳಿಯಿಲ್ಲದ ದಿನ, ನಡೆಯುವ ದಾರಿಗೆ ಅಡ್ಡವಾಗಿ ಹಾಳೆ ತಟ್ಟೆಗಳನ್ನು ಒಂದೊಂದು ಅಡಿಗೆ ಒಂದರಂತೆ ಸಾಲಾಗಿ ಇಡಿ, ಎಡಕ್ಕೂ ಬಲಕ್ಕೂ ಏಳೆಂಟಡಿ ತನಕ. ಚಕ್ರ ಹಾಯುವ ಜಾಗದ ತಟ್ಟೆ ತೆಗೆದಿಡಿ. ಕಾಳು ಪುಟಿದು ಹೊರಗೆ ಹೋಗದ ಹಾಗೆ ಪ್ರತಿ ತಟ್ಟೆಯಲ್ಲೂ ಒಂದು ಚೂರು ಹಳೇ ಬಟ್ಟೆ ಹಾಸಿ. ಈಗ ಮಾಮೂಲಿ ನಡಿಗೆಯಲ್ಲಿ ಅವುಗಳ ಮೇಲೆ ಎರಚುತ್ತಾ ಒಂದೇ ದಿಕ್ಕಿಗೆ ನಾಲ್ಕೈದು ಸಲ ಹೋಗಿ, ವಾಪಸ್ ಬರುವಾಗ ಬಾಯಿ ಮುಚ್ಚಿ. ಆಮೇಲೆ ಒಂದೊಂದು ತಟ್ಟೆಯದ್ದನ್ನೂ ಬೇರೆ ಬೇರೆ ಗಾಜಿನ ಲೋಟಕ್ಕೆ ಸುರಿದು ಸಾಲಾಗಿ ಇಡಿ. ಯಂತ್ರ ಹೇಗೆ ಎರಚುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ನಡುವೆ ಎಷ್ಟಿದೆಯೋ ಅದರ ಅರ್ಧ ಎಡಗಡೆ ಎಲ್ಲಿ ಬಿದ್ದಿದೆ, ಬಲಗಡೆ ಎಲ್ಲಿ ಬಿದ್ದಿದೆ ನೋಡಿ. ಆ ಎರಡರ ನಡುವಿನ ದೂರವೇ ನಿಮ್ಮ ಯಂತ್ರದ ನಿಜವಾದ ಅಗಲ. ಗೊಬ್ಬರ ಹದಿನಾಲ್ಕು ಅಡಿ ಹಾರಿದರೂ ಈ ಅಗಲ ಒಂಬತ್ತು ಹತ್ತಡಿ ಇರಬಹುದು. ಎರಡು ಸಾಲುಗಳ ನಡುವೆ ಅಷ್ಟೇ ದೂರ ಇಟ್ಟು ನಡೆಯಬೇಕು.

ಒಂದು ಪಕ್ಕಕ್ಕೆ ಜಾಸ್ತಿ ಬಿದ್ದಿದೆಯಾ? ತಟ್ಟೆ ಒಂದೇ ದಿಕ್ಕಿಗೆ ತಿರುಗುವುದರಿಂದ ಇದು ಮಾಮೂಲಿ. ಒಳ್ಳೆಯ ಯಂತ್ರಗಳಲ್ಲಿ ಸರಿಪಡಿಸಲು ಬೇರೆ ಲಿವರ್ ಇರುತ್ತದೆ. ಇಲ್ಲದಿದ್ದರೆ ಯಂತ್ರ ಓರೆಯಾಗದಂತೆ, ಹ್ಯಾಂಡಲ್ ಒಂದೇ ಎತ್ತರದಲ್ಲಿ ಹಿಡಿದು ನೋಡಿ. ಎಷ್ಟೋ ಸಲ ತಪ್ಪು ಇರುವುದು ಹಿಡಿಯುವ ಭಂಗಿಯಲ್ಲಿ.

ಈಗ ಪ್ರಮಾಣ. ಅಗಲ ಹತ್ತಡಿ ಬಂತು ಅಂದುಕೊಳ್ಳಿ. ನೂರಡಿ ಉದ್ದ ಗುರುತು ಹಾಕಿದರೆ ಸರಿಯಾಗಿ 1,000 ಚದರಡಿ. ನಮಗೆ ಬೇಕಾದ್ದು ಅರ್ಧ ಕೆ.ಜಿ. ಯೂರಿಯಾ, ಅದನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಎರಡು ಸಲದಲ್ಲಿ ಹಾಕುತ್ತೇವೆ. ಹಾಗಾಗಿ ಒಂದು ನಡಿಗೆಗೆ 250 ಗ್ರಾಂ. ಹಾಪರಿಗೆ 5 ಕೆ.ಜಿ. ತೂಗಿ ಹಾಕಿ. ಬಾಯಿಯನ್ನು ಸಣ್ಣಕ್ಕೆ ಇಟ್ಟು ನೂರಡಿ ನಡೆಯಿರಿ. ಉಳಿದದ್ದನ್ನು ತೂಗಿ. 4.75 ಕೆ.ಜಿ. ಇದ್ದರೆ ಹದ ಬಂತು. 4.5 ಇದ್ದರೆ ಎರಡರಷ್ಟು ಬಿದ್ದಿದೆ, ಬಾಯಿ ಇನ್ನೂ ಚಿಕ್ಕದು ಮಾಡಿ. ಪ್ರತಿ ಸಲವೂ ಲಾನಿನ ಹೊಸ ಜಾಗದಲ್ಲಿ ಪರೀಕ್ಷೆ ಮಾಡಿ, ಒಂದೇ ಪಟ್ಟೆಯ ಮೇಲೆ ಓಡಾಡಿದರೆ ಅದು ಸುಟ್ಟುಹೋಗುತ್ತದೆ.

ಡ್ರಾಪ್ ಯಂತ್ರಕ್ಕೆ ಇಷ್ಟು ಕಷ್ಟವಿಲ್ಲ. ಅಡಿಕೆ ಒಣಗಿಸುವ ಟಾರ್ಪಾಲು ಅಂಗಳದಲ್ಲಿ ಹಾಸಿ, ಅದರ ಮೇಲೆ ಅಳತೆಯಷ್ಟು ದೂರ ತಳ್ಳಿ, ಬಿದ್ದದ್ದನ್ನು ಗುಡಿಸಿ ತೂಗಿದರಾಯಿತು.

ಸಿಕ್ಕಿದ ನಂಬರನ್ನು ಗೊಬ್ಬರದ ಹೆಸರಿನ ಜೊತೆ ಹಾಪರಿನ ಮೇಲೇ ಮಾರ್ಕರಿನಲ್ಲಿ ಬರೆದಿಡಿ. ಗೊಬ್ಬರ ಬದಲಾದರೆ, ನಡೆಯುವವರು ಬದಲಾದರೆ ಮತ್ತೆ ಪರೀಕ್ಷೆ ಆಗಬೇಕು.

ಹಂತ 7: ಯಾವಾಗ, ಹೇಗೆ ಎರಚಬೇಕು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ಅಲ್ಲಿಂದ ತೊಂಬತ್ತು ಕಿಲೋಮೀಟರ್ ದೂರದ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಹಾಗಾಗಿ ಇಡೀ ಜಿಲ್ಲೆಗೆ ಒಂದೇ ಪಂಚಾಂಗ ಹೇಳಲು ಬರುವುದಿಲ್ಲ. ಘಟ್ಟದ ಅಂಚಿನವರು ಮುಂಗಾರಿನ ಮೊದಲಿನ ಒಂದೆರಡು ಹದ ಮಳೆ ಬಿದ್ದ ಮೇಲೆ ಮೇ ತಿಂಗಳಲ್ಲಿ ಒಮ್ಮೆ ಹಾಕಿ, ಆಮೇಲೆ ಕೈಕಟ್ಟಿ ಕೂರಬೇಕು. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ಹಾಕಿದ ಗೊಬ್ಬರ ಹುಲ್ಲಿಗಲ್ಲ, ಹಳ್ಳಕ್ಕೆ. ಅಲ್ಲಿಂದ ತುಂಗೆಗೋ ಶರಾವತಿಗೋ ಹೋಗಿ ಸೇರುತ್ತದೆ. ಹಸ್ತ, ಚಿತ್ತಾ ಹೊತ್ತಿಗೆ ಮಳೆ ಹಿಡಿತಕ್ಕೆ ಬಂದ ಮೇಲೆ ಇನ್ನೊಂದು ಸಲ. ಶಿವಮೊಗ್ಗ, ಶಿಕಾರಿಪುರದ ಬಯಲಿನವರು ಮಳೆಗಾಲದ ನಡುವೆಯೂ ಬಿಡುವು ನೋಡಿ ಹಾಕಬಹುದು.

ದಿನ ಆರಿಸುವಾಗ ಹುಲ್ಲು ಒಣಗಿರಬೇಕು. ಬೆಳಗಿನ ಇಬ್ಬನಿ ಆರುವ ತನಕ ಕಾಯಿರಿ. ಒದ್ದೆ ಎಲೆಗೆ ಅಂಟಿದ ಯೂರಿಯಾ ಕಾಳು ಅಲ್ಲೇ ಕರಗಿ ಸುಡುತ್ತದೆ. ಎರಚಿ ಮುಗಿದ ಮೇಲೆ ಸ್ಪ್ರಿಂಕ್ಲರಿನಲ್ಲಿ ಹತ್ತು ಮಿ.ಮೀ. ಆಸುಪಾಸು ನೀರು ಕೊಡಿ. ಸಮ ತಳದ ಡಬ್ಬಿ ಒಂದನ್ನು ಲಾನಿನಲ್ಲಿಟ್ಟರೆ ಅಳತೆ ಸಿಗುತ್ತದೆ. ನೀರು ಕೊಡದೆ ಬಿಟ್ಟರೆ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಸಂಜೆ ಹದವಾದ ಮಳೆ ಬರುವ ಹಾಗಿದ್ದರೆ ಒಳ್ಳೆಯದೇ, ಜಡಿಮಳೆ ಬರುವ ಹಾಗಿದ್ದರೆ ನಾಳೆಗಿರಲಿ.

ಹಾಪರ್ ತುಂಬಿಸುವುದು ಲಾನಿನ ಮೇಲಲ್ಲ, ಸಿಮೆಂಟ್ ನೆಲದಲ್ಲೋ ಟಾರ್ಪಾಲಿನ ಮೇಲೋ. ಚೆಲ್ಲಿದರೆ ಗುಡಿಸಿಕೊಳ್ಳಬಹುದು. ಬಾಯಿ ಮುಚ್ಚಿರುವುದನ್ನು ನೋಡಿಯೇ ಸುರಿಯಿರಿ. ಮೊದಲು ತಡೆ ತಗಡು ಇಳಿಸಿ ಲಾನಿನ ಸುತ್ತಂಚಿಗೆ ಒಂದು ಸುತ್ತು ಬನ್ನಿ. ಆಮೇಲೆ ಒಳಗಿನ ಸಾಲುಗಳು. ನಡೆಯಲು ಶುರು ಮಾಡಿ, ಆಮೇಲೆ ಬಾಯಿ ತೆರೆಯಿರಿ. ಸಾಲಿನ ತುದಿಯಲ್ಲಿ ಬಾಯಿ ಮುಚ್ಚಿ, ಆಮೇಲೆ ನಿಲ್ಲಿ. ಈ ಕ್ರಮ ತಪ್ಪಿದ ಕಡೆಯೆಲ್ಲ ಒಂದೊಂದು ಸುಟ್ಟ ಗುರುತು ಬೀಳುತ್ತದೆ. ಅರ್ಧ ಗೊಬ್ಬರ ಉದ್ದಕ್ಕೆ ಹಾಕಿ ಮುಗಿದ ಮೇಲೆ ಉಳಿದರ್ಧ ಅಡ್ಡಕ್ಕೆ.

ಇಳಿಜಾರಿನಲ್ಲಿ ಮಾತ್ರ ಮೇಲೆ ಕೆಳಗೆ ಓಡಾಡಬೇಡಿ. ಇಳಿಯುವಾಗ ಯಂತ್ರವೇ ನಿಮ್ಮನ್ನು ಎಳೆಯುತ್ತದೆ, ಹತ್ತುವಾಗ ನಡಿಗೆ ಅರ್ಧಕ್ಕೆ ಇಳಿದು ಗೊಬ್ಬರ ದಪ್ಪ ಬೀಳುತ್ತದೆ. ದರೆಗೆ ಸಮಾನಾಂತರವಾಗಿ ಅಡ್ಡಡ್ಡ ಹೋಗಿ. ಎರಡನೇ ಸಲವೂ ಅಡ್ಡವೇ, ಆದರೆ ಮೊದಲ ಸಾಲುಗಳ ನಡುವೆ ಹಾಯುವಂತೆ. ಇಳಿಜಾರಿನ ಕೆಳ ಅಂಚಿನಲ್ಲಿ ಬಾವಿಯೋ ಕೆರೆಯೋ ಇದ್ದರೆ ಹತ್ತು ಹದಿನೈದು ಅಡಿ ಗೊಬ್ಬರ ಹಾಕದೆ ಬಿಡಿ. ಮೇಲಿನದ್ದು ಇಳಿದು ಅಲ್ಲಿನ ಹುಲ್ಲಿಗೆ ಹೇಗೂ ಸಿಗುತ್ತದೆ. ದಾರಿ, ಕಟ್ಟೆ, ಮೆಟ್ಟಿಲ ಮೇಲೆ ಬಿದ್ದ ಕಾಳನ್ನು ನೀರು ಹಾಕುವ ಮೊದಲೇ ಗುಡಿಸಿ ಲಾನಿಗೆ ತಳ್ಳಿ. ದನ ಮೇಯುವ ಜಾಗವಾದರೆ ಗೊಬ್ಬರ ಪೂರ್ತಿ ಕರಗುವ ತನಕ ಒಳಗೆ ಬಿಡಬೇಡಿ, ಯೂರಿಯಾ ದನಕ್ಕೆ ವಿಷ. ಖಾಲಿ ಚೀಲವನ್ನೂ ಅವುಗಳ ಬಾಯಿಗೆ ಸಿಗದ ಕಡೆ ಇಡಿ.

ಹಂತ 8: ತೊಳೆದು ಒಣಗಿಸಿ ಇಡುವುದು

ಉಳಿದ ಗೊಬ್ಬರವನ್ನು ಹಾಪರಿನಲ್ಲೇ ಬಿಟ್ಟು ಊಟಕ್ಕೆ ಹೋಗುವ ಅಭ್ಯಾಸ ಬೇಡ. ಮೊದಲು ಚೀಲಕ್ಕೆ ವಾಪಸ್ ಸುರಿದು ಬಾಯಿ ಕಟ್ಟಿ. ಯಂತ್ರವನ್ನು ಲಾನಿನ ಮೇಲೇ ನಿಲ್ಲಿಸಿ ಪೈಪಿನಿಂದ ತೊಳೆಯಿರಿ, ತೊಳೆದ ನೀರು ಹುಲ್ಲಿಗೇ ಹೋಗಲಿ. ತಟ್ಟೆಯ ಕೆಳಗೆ, ಬಾಯಿಯ ಸಂದಿಯಲ್ಲಿ, ಆಕ್ಸಲಿನ ಸುತ್ತ ಹಳೇ ಬ್ರಶ್ ಹಾಕಿ ಉಜ್ಜಿ. ಗೇರ್ ಪೆಟ್ಟಿಗೆ ಮುಚ್ಚಿದ್ದಾದರೆ ಅದಕ್ಕೆ ಜೋರಾಗಿ ನೀರು ಹಾರಿಸಬೇಡಿ, ಒಳಗೆ ನೀರು ಹೋದರೆ ಹೊರಬರುವುದಿಲ್ಲ.

ಒಣಗಿಸುವುದು ಮಳೆಗಾಲದಲ್ಲಿ ಕಷ್ಟವೇ. ಒರೆಸಿ, ತಲೆಕೆಳಗಾಗಿ ಇಟ್ಟು, ಬಚ್ಚಲ ಒಲೆಯ ಹತ್ತಿರವೋ ಅಡಿಕೆ ಬೇಯಿಸುವ ಮನೆಯ ಮೂಲೆಯಲ್ಲೋ ರಾತ್ರಿ ಬಿಟ್ಟರೆ ಬೆಳಗಾಗುವುದರೊಳಗೆ ಒಣಗಿರುತ್ತದೆ. ಪ್ಲಾಸ್ಟಿಕ್ ಹಾಪರ್ ಬೆಂಕಿಗೆ ತೀರಾ ಹತ್ತಿರ ಬೇಡ. ಒಣಗಿದ ಮೇಲೆ ಆಕ್ಸಲ್, ಚಕ್ರದ ಬುಷ್, ಬಾಯಿ ತೆರೆಯುವ ಲಿವರಿನ ತಂತಿಗೆ ನಾಲ್ಕು ಹನಿ ಎಣ್ಣೆ. ಗೊಬ್ಬರ ಹರಿಯುವ ಜಾಗಕ್ಕೆ, ತಟ್ಟೆಗೆ ಎಣ್ಣೆ ಬೇಡ, ಧೂಳು ಅಂಟಿ ಗಟ್ಟಿಯಾಗುತ್ತದೆ. ಯಂತ್ರವನ್ನೂ ಗೊಬ್ಬರದ ಚೀಲವನ್ನೂ ಒಂದೇ ಕೋಣೆಯಲ್ಲಿ ಇಡದಿದ್ದರೆ ತುಕ್ಕು ಕಮ್ಮಿ. ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಮರದ ಹಲಗೆಯ ಮೇಲಿಡಿ.

ಇಡುವಾಗ ಬಾಯಿ ಪೂರ್ತಿ ತೆರೆದಿಡಿ, ಮುಚ್ಚಿಟ್ಟರೆ ತುಕ್ಕಿಗೆ ಅಂಟಿಕೊಂಡು ಬಿಡುತ್ತದೆ. ತೆರೆದ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಡಜಗಳು ಬಂದು ಕೂರುತ್ತವೆ. ಅದಕ್ಕೆ ಒಂದು ತುಂಡು ಸೊಳ್ಳೆ ಪರದೆ ಬಟ್ಟೆ ಕಟ್ಟಿ. ಮುಂದಿನ ಸಲ ಹೊರತೆಗೆದಾಗ ಗೊಬ್ಬರ ಸುರಿಯುವ ಮೊದಲು ಪರದೆ ಬಿಚ್ಚಿ, ಖಾಲಿ ಯಂತ್ರವನ್ನು ಅಂಗಳದಲ್ಲಿ ಒಂದು ಸುತ್ತು ತಳ್ಳಿ, ತಟ್ಟೆ ಸಲೀಸಾಗಿ ತಿರುಗುತ್ತದೆಯಾ, ಬಾಯಿ ಪೂರ್ತಿ ಮುಚ್ಚುತ್ತದೆಯಾ ಅಂತ ನೋಡಿಕೊಳ್ಳಿ.